ಭಾವನ ಕಾರಿನ ಸ್ಟೇರಿಂಗ್

ಕೊಪ್ಪಕ್ಕೆ ಮೊಬೈಲ್ ಸಿಗ್ನಲ್ ಬಂದ ಹೊಸತು. ಮನೆಯಲ್ಲಿ ಚಕ್ಕುಲಿ, ಕೋಡುಬಳೆ ಮಾಡಿ ಶೃಂಗೇರಿ, ಬಾಳೆಹೊನ್ನೂರಿನ ಅಂಗಡಿಗಳಿಗೆ ಕೊಡುತ್ತಿದ್ದೆ. ಬಸ್ಸಿನಲ್ಲಿ ಡಬ್ಬ ಸಾಗಿಸಿ ಸಾಕಾಗಿತ್ತು. ಆಗ ನರಸಿಂಹರಾಜಪುರದಲ್ಲಿದ್ದ ಅಕ್ಕನ ಗಂಡ ತಮ್ಮ ಹಳೆಯ ಕಾರನ್ನು ನನಗೆ ಮಾರಿದರು. ಡ್ರೈವಿಂಗ್ ಕಲಿಸಿದ್ದೂ ಅವರೇ. ಅಪ್ಪ ತೀರಿಕೊಂಡ ಮೇಲೆ ಯಾವುದಕ್ಕೇ ಆಗಲಿ ನಾನು ಕೇಳುತ್ತಿದ್ದುದು ಭಾವನನ್ನೇ.

ಮೂರನೇ ವಾರಕ್ಕೆ ಸ್ಟೇರಿಂಗ್ ಬಿಗಿಯಾಯಿತು. ಶೃಂಗೇರಿ ದಾರಿಯ ತಿರುವುಗಳಲ್ಲಿ ಮೈಭಾರವೆಲ್ಲ ಹಾಕಿ ಎಳೆಯಬೇಕು, ಮುಂದಿನಿಂದ ನರಳಿದಂಥ ಸದ್ದು. ಭಾವನಿಗೆ ಫೋನ್ ಮಾಡಿದೆ.

"ಗಾಡಿಗೆ ಎಂತದೂ ಆಗ್ಲಿಲ್ಲ ಮಾರಾಯ್ತಿ. ನಿನ್ನ ಕೈಗೆ ಬಲ ಸಾಲ್ದು. ಓಡಿಸ್ತಾ ಓಡಿಸ್ತಾ ಸರಿಹೋಗ್ತದೆ" ಎಂದರು.

ನಂಬಿದೆ. ಭುಜಕ್ಕೆ ನೀಲಗಿರಿ ಎಣ್ಣೆ ತಿಕ್ಕಿಕೊಂಡು ಓಡಿಸಿದೆ. ಒಂದು ಬೆಳಿಗ್ಗೆ ಬಾಳೆಹೊನ್ನೂರಿನ ಬಸ್ ಸ್ಟ್ಯಾಂಡ್ ಹತ್ತಿರ ಕಾರು ತಿರುಗಲೇ ಇಲ್ಲ. ಹಣ್ಣಿನ ಗಾಡಿಗೆ ಒಂದು ಗೇಣು ದೂರದಲ್ಲಿ ನಿಲ್ಲಿಸಿದೆ. ಪಕ್ಕದ ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿದ. ಸ್ಟೇರಿಂಗ್ ಹಗುರವಾಗಿ ತಿರುಗಲು ಹಾಕುವ ಆಯಿಲಿನ ಡಬ್ಬ ಖಾಲಿ. ತುಂಬಿಸಿದ ಮೇಲೆ ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿತು. ಬಲ ಸಾಲದ್ದು ನನ್ನ ಕೈಗಲ್ಲ ಎಂದು ಅವತ್ತು ತಿಳಿಯಿತು. ಭಾವನಿಗೂ ಗೊತ್ತಾಗಿರಲಿಕ್ಕಿಲ್ಲ ಅಂದುಕೊಂಡೆ.

ಕೆಲವೇ ದಿನಗಳಲ್ಲಿ ಆಯಿಲ್ ಮತ್ತೆ ಇಳಿಯಿತು. ಕೊಪ್ಪದ ನಮ್ಮ ಮೆಕ್ಯಾನಿಕ್ ಪೈಪುಗಳ ಜಾಯಿಂಟ್ ಬಿಗಿಮಾಡಿ ಕಳಿಸಿದ. ಮತ್ತೆ ಇಳಿಯಿತು. ಕಾರಿನ ಅಡಿಗೆ ರಟ್ಟು ಹಾಸಿಟ್ಟೆ. ಒಂದು ಹನಿಯೂ ಇಲ್ಲ.

"ಹನಿ ಬೀಳದೆ ಆಯಿಲ್ ಎಲ್ಲಿಗೆ ಹೋಗ್ತದೆ ಅಕ್ಕ? ನನಗಂತೂ ಅರ್ಥ ಆಗ್ತಿಲ್ಲ" ಎಂದ ಮೆಕ್ಯಾನಿಕ್.

ಪೈಪುಗಳನ್ನೆಲ್ಲ ಒರೆಸಿ ಒಣಗಿಸಲು ಹೇಳಿ, ಮನೆಯಿಂದ ಅಕ್ಕಿಹಿಟ್ಟು ತಂದು ಅವುಗಳ ಮೇಲೆ ಜರಡಿ ಹಿಡಿದೆ. ಎಲ್ಲಿ ಒಸರಿದರೂ ಹಿಟ್ಟು ಒದ್ದೆಯಾಗಲೇಬೇಕು. ಎಂಜಿನ್ ಚಾಲೂ ಇಟ್ಟು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದೆವು. ಹಿಟ್ಟು ಬೆಳ್ಳಗೇ ಉಳಿಯಿತು. ಇನ್ನು ಉಳಿದದ್ದು ಕೆಳಗೆ ಚಕ್ರಗಳನ್ನು ತಿರುಗಿಸುವ ಉದ್ದನೆಯ ಕೊಳವೆ. ಅದರ ಎರಡು ತುದಿಗೂ ಧೂಳು ಹೋಗದಂತೆ ನೆರಿಗೆಯ ರಬ್ಬರ್ ಚೀಲ ಹಾಕಿರುತ್ತಾರೆ. ಗ್ಯಾರೇಜಿನ ಹೊಂಡಕ್ಕೆ ನಾನೂ ಇಳಿದು ಮುಟ್ಟಿ ನೋಡಿದೆ. ಬಲಗಡೆಯದು ಗಾಳಿಯಂತೆ ಹಗುರ. ಎಡಗಡೆಯದು ತುಂಬಿದ ಹಾಲಿನ ಪ್ಯಾಕೆಟ್ಟಿನ ಹಾಗೆ ಕುಲುಕಿತು.

ಮೆಕ್ಯಾನಿಕ್ ಅದರ ಬಾಯಿ ಬಿಚ್ಚಿದ. ಕೆಂಪು ಆಯಿಲ್ ಬುಳಬುಳನೆ ಸುರಿಯಿತು. ಕೊಳವೆಯೊಳಗೆ ಆಯಿಲ್ ತಡೆಯುವ ಸೀಲ್ ಹರಿದಿತ್ತು. ಸೋರಿದ್ದೆಲ್ಲ ಹೊರಗೆ ಬೀಳದೆ ಅಲ್ಲೇ ತುಂಬಿಕೊಂಡಿತ್ತು.

"ಇಷ್ಟು ಆಯಿಲ್ ಇದ್ರೆ ತನ್ನಷ್ಟಕ್ಕೆ ತೊಟ್ಟಿಕ್ಕಬೇಕಿತ್ತು" ಎಂದು ಅವನು ಬಿಚ್ಚಿದ್ದನ್ನು ನನ್ನ ಮುಂದೆ ಹಿಡಿದ. "ಇದು ಕಂಪನಿ ಕ್ಲಿಪ್ ಅಲ್ಲ. ಯಾರೋ ಬೇಕಂತಲೇ ಗಮ್ ಮೆತ್ತಿ ಬಿಗಿದಿದ್ದಾರೆ."

ಅವನ ಕೈಯಲ್ಲಿದ್ದದ್ದು ಹಸಿರು ಪ್ಲಾಸ್ಟಿಕ್ ಸುತ್ತಿದ ತಂತಿ. ಅಕ್ಕನ ಮನೆಯಲ್ಲಿ ಬಟ್ಟೆ ಒಣಗಿಸಲು ಭಾವ ಕಟ್ಟಿದ್ದು ಅದೇ ತಂತಿ.

ಹೊಸ ಸೀಲ್ ಹಾಕಿಸಿಕೊಂಡು ನೇರ ನರಸಿಂಹರಾಜಪುರಕ್ಕೆ ಹೋದೆ. ಭಾವ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು.

"ಕಾರಿನ ಅಡಿಯ ರಬ್ಬರ್ ಚೀಲಕ್ಕೆ ತಂತಿ ಕಟ್ಟಿದ್ದು ನೀವಾ ಭಾವ?"

ಪೇಪರ್ ಮಡಿಸಿದರು. "ಸ್ವಲ್ಪ ಸೋರ್ತಿತ್ತು. ಕೊಡೋ ಹೊತ್ತಿಗೆ ನೆಲ ಹೊಲಸಾಗೋದು ಬೇಡ ಅಂತ ಕಟ್ಟಿದೆ."

"ಮತ್ತೆ ನನ್ನ ಕೈಗೆ ಬಲ ಇಲ್ಲ ಅಂದ್ರಲ್ಲ?"

ಒಳಗಿನಿಂದ ಕಾಫಿ ತಂದ ಅಕ್ಕ ಉತ್ತರ ಕೊಟ್ಟಳು.

"ಅವರಿಗೆ ಬೈಬೇಡ. ಹೇಳೋದು ಬೇಡ ಅಂದಿದ್ದು ನಾನೇ. ಹೇಳಿದ್ರೆ ನೀನು ತಗೊಳ್ತಿರ್ಲಿಲ್ಲ."

ಭಾವನ ಜೊತೆ ಜಗಳವಾಡಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅಕ್ಕನಿಗೆ ಹೇಳಲು ಒಂದೂ ಇರಲಿಲ್ಲ. "ನಾನು ಶೃಂಗೇರಿ ದಾರಿಯ ತಿರುವಿನಲ್ಲಿ ಬಿದ್ದಿದ್ರೆ?" ಎಂದೆ. "ಹಾಗೆಲ್ಲ ಆಗ್ಲಿಲ್ವಲ್ಲ" ಎಂದು ಲೋಟ ಮುಂದಿಟ್ಟಳು. ಕಾಫಿ ಮುಟ್ಟದೆ ಎದ್ದು ಬಂದೆ.

ಆ ಕಾರು ಮತ್ತೆ ತೊಂದರೆ ಕೊಡಲಿಲ್ಲ. ಅಕ್ಕನ ಮನೆಗೂ ಹೋಗಿಬರುತ್ತೇನೆ, ಹಬ್ಬಕ್ಕೆ ಅವರೂ ಬರುತ್ತಾರೆ. ಆದರೆ ಅವಳು ಪ್ರೀತಿಯಿಂದ ಏನಾದರೂ ಹೇಳಿದಾಗ, ಯಾಕೆ ಹೇಳುತ್ತಿದ್ದಾಳೆ ಎಂದು ಒಂದು ಗಳಿಗೆ ಯೋಚಿಸುತ್ತೇನೆ. ಮೊದಲು ಹಾಗಿರಲಿಲ್ಲ.