ತಲೆಯ ಮೇಲಿನ ದೀಪ

ಹೆಡ್ಲಿ ರಟರ್ ಎಂದರೆ ಯಾರು ಎಂದು ನಮ್ಮ ಗಣಿಯೂರು ಹಾರ್ಲಾದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಮುಷ್ಕರ ಮುರಿದು ಬಸ್ಸು ಹತ್ತಿದವನು. ಒಬ್ಬ ಮನುಷ್ಯನ ಇಡೀ ಬದುಕನ್ನು ಹೀಗೆ ಒಂದು ಬಸ್ಸಿನೊಳಗೆ ತುರುಕಿಬಿಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವನು ನನ್ನ ಅಕ್ಕ ಡೋರೀನಳ ಗಂಡ. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಚಳಿಗಾಲದಲ್ಲಿ ನಡೆದದ್ದನ್ನು ನನಗಿಂತ ಹತ್ತಿರದಿಂದ ನೋಡಿದವರು ಯಾರೂ ಇಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಕೇಳಿದ ಮೇಲೆ ನಿಮಗೆ ತೋಚಿದ್ದನ್ನು ಅಂದುಕೊಳ್ಳಿ.

ಹೆಡ್ಲಿ ಹದಿನೈದಕ್ಕೇ ಕಲ್ಲಿದ್ದಲು ಗಣಿಗೆ ಇಳಿದವನು. ಅಜ್ಜ ಇಳಿದಿದ್ದ, ಅಪ್ಪ ಇಳಿದಿದ್ದ, ಇವನೂ ಇಳಿದ. ನಮ್ಮಲ್ಲಿ ಯಾರೂ ಅದನ್ನು ಕೂತು ಯೋಚಿಸಿ ಮಾಡುತ್ತಿರಲಿಲ್ಲ. ಪಾಳಿ ಮುಗಿಸಿ ಮೇಲೆ ಬಂದರೆ ಹಿತ್ತಲಿನ ಪಂದ್ಯದ ಪಾರಿವಾಳಗಳು, ಈರುಳ್ಳಿ ಜಾತಿಯ ಲೀಕ್ ಗಿಡದ ಸಾಲುಗಳು, ಭಾನುವಾರ ಕ್ಲಬ್ಬಿನಲ್ಲಿ ಎರಡು ಲೋಟ ಬಿಯರ್. ಮಾತು ಬಹಳ ಕಡಿಮೆ. "ನಮ್ಮನೇಲಿ ಗಂಡಸಿಗಿಂತ ಟೀ ಕೆಟಲ್ ಜಾಸ್ತಿ ಮಾತಾಡುತ್ತೆ ಕಣೇ ಮಾವಿಸ್" ಎಂದು ಅಕ್ಕ ನನ್ನ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಅವನ ಜೊತೆಗಾರ ಮ್ಯಾಟಿ ಹಿಂಡ್‌ಮಾರ್ಶ್ ಇದಕ್ಕೆ ತದ್ವಿರುದ್ಧ. ಅವನ ಬಾಯಿ ಮುಚ್ಚಿದ್ದನ್ನು ಅವನ ಹೆತ್ತ ತಾಯಿಯೂ ನೋಡಿರಲಿಕ್ಕಿಲ್ಲ. ಒಂದು ಸಲ ಗಣಿಯೊಳಗೆ ಮೇಲಿನ ಬಂಡೆ ಕುಸಿದು ಮ್ಯಾಟಿ ಸೊಂಟದವರೆಗೆ ಕಲ್ಲಿನಡಿ ಸಿಕ್ಕಿಕೊಂಡ. "ಹೆಡ್ಲೀ" ಎಂದು ಒಂದೇ ಒಂದು ಸಲ ಕೂಗಿದನಂತೆ. ಹೆಡ್ಲಿ ಸರಕ್ಕನೆ ತಿರುಗಿದ, ಟೋಪಿಯ ಮೇಲಿನ ದೀಪದ ಬೆಳಕು ಮ್ಯಾಟಿಯ ಮುಖಕ್ಕೆ ಬಿತ್ತು, ಬರಿಗೈಯಲ್ಲಿ ಕಲ್ಲು ಕಿತ್ತು ಅವನನ್ನು ಹೊರಗೆಳೆದ. ಅಷ್ಟರಲ್ಲಿ ಇನ್ನೊಂದು ಬಂಡೆ ಬಿದ್ದು ಹೆಡ್ಲಿಯ ಬಲಗೈಯ ಎರಡು ಬೆರಳು ಹೋದವು. ನೆಲದಡಿ ಯಾರಾದರೂ ಹೆಸರು ಹಿಡಿದು ಕೂಗಿದರೆ ತಿರುಗುವುದು ಮೊದಲು, ಯೋಚನೆ ಆಮೇಲೆ. ನಮ್ಮ ಗಂಡಸರಿಗೆ ಅದು ರಕ್ತದಲ್ಲೇ ಇಳಿದುಹೋಗಿದೆ.

ಸರ್ಕಾರ ಗಣಿಗಳನ್ನು ಮುಚ್ಚಹೊರಟಿತೆಂದು ಎಂಬತ್ತನಾಲ್ಕರ ಮಾರ್ಚಿನಲ್ಲಿ ಮುಷ್ಕರ ಶುರುವಾಯಿತು. ಬೇಸಿಗೆಯಲ್ಲಿ ಹಾಡು, ಮೆರವಣಿಗೆ, ನಗು ಎಲ್ಲ ಇತ್ತು. ಕ್ರಿಸ್ಮಸ್ ಹೊತ್ತಿಗೆ ಅದೇ ಜನ ಕಣ್ಣು ಗುಳಿಬಿದ್ದು ಸಮುದ್ರದ ದಂಡೆಯಲ್ಲಿ ಅಲೆ ತಂದು ಹಾಕಿದ ಕಲ್ಲಿದ್ದಲ ಚೂರು ಹೆಕ್ಕುತ್ತಿದ್ದರು. ನಾನು ಗಣಿಗಾರರ ಸಭಾಂಗಣದ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ದಿನಕ್ಕೆ ಒಂದು ಹೊತ್ತು ಎಲ್ಲರಿಗೂ ಅಲ್ಲೇ ಊಟ. ಇನ್ನೊಂದು ಹೊತ್ತು ಅವರವರ ಪಾಡು. ಬೆಳಗಾಗುವ ಮೊದಲೇ ಕಿಟಕಿಗೆಲ್ಲ ತಂತಿಬಲೆ ಬಡಿದ ಬಸ್ಸೊಂದು, ಹಿಂದೆ ಮುಂದೆ ಪೊಲೀಸರನ್ನು ಇಟ್ಟುಕೊಂಡು, ಕೆಲಸಕ್ಕೆ ಮರಳಿದ ನಾಲ್ಕಾರು ಜನರನ್ನು ಗಣಿಯ ಗೇಟಿನೊಳಗೆ ಒಯ್ಯುತ್ತಿತ್ತು. ನಾವು ರಸ್ತೆಬದಿಯಲ್ಲಿ ನಿಂತು "ದ್ರೋಹಿಗಳಾ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆವು.

ಹೆಡ್ಲಿಯ ಮನೆಯಲ್ಲಿ ಮೂರು ಮಕ್ಕಳು. ಆ ಇನ್ನೊಂದು ಹೊತ್ತಿನ ಊಟ ನಡೆಯುತ್ತಿದ್ದದ್ದು ಬೆಸ್‌ನಿಂದ. ಬೆಸ್ ಅವನ ಹೆಣ್ಣುನಾಯಿ. ತಾಯಿ ಗ್ರೇಹೌಂಡ್, ತಂದೆ ಕುರಿ ಕಾಯುವ ಕಾಲಿ ತಳಿಯದು. ಓಟ ತಾಯಿಯದು, ಬುದ್ಧಿ ತಂದೆಯದು. ಊರವರೆಲ್ಲ ಉರುಳು ಹಾಕಿ ಹಾಕಿ ಬೇಲಿಯಂಚಿನ ಮೊಲಗಳು ಖಾಲಿಯಾಗಿದ್ದವು. ಬಯಲಿನ ನಡುವೆ ಮೇಯುವ ಮೊಲಗಳು ಮಾತ್ರ ಉಳಿದಿದ್ದವು, ಅವನ್ನು ಹಿಡಿಯಲು ಕತ್ತಲು, ಗಾಳಿ, ದೀಪ ಮತ್ತು ಬೆಸ್‌ನಂಥ ನಾಯಿ ಬೇಕು. ಗಾಳಿಯ ಸದ್ದಿನಲ್ಲಿ ಹೆಜ್ಜೆ ಕೇಳಿಸುವುದಿಲ್ಲ, ಕಣ್ಣಿಗೆ ದೀಪ ಬಿಟ್ಟರೆ ಮೊಲ ಬೆರಗಾಗಿ ಕೂತುಬಿಡುತ್ತದೆ, ಆಗ ನಾಯಿ ಬಿಡುವುದು. ಒಂದು ಮೊಲಕ್ಕೆ ಹಿಟ್ಟಿನುಂಡೆ ಹಾಕಿ ಸಾರು ಮಾಡಿದರೆ ಅಕ್ಕ ಅದನ್ನು ಎರಡು ದಿನ ಎಳೆಯುತ್ತಿದ್ದಳು.

ಆದರೆ ಅಕ್ಕನಿಗೂ ಸಾಕಾಗಿತ್ತು. ಹೊಸ ವರ್ಷದ ದಿನ ನನ್ನೆದುರಿಗೇ ಗಂಡನಿಗೆ ಹೇಳಿದಳು:

"ನೋಡು, ಒಲೆ ಮೇಲಿನ ಪಾತ್ರೆಗೆ ಏನಾದ್ರೂ ಬೀಳೋವರೆಗೂ ನಾನು ಬಾಯಿ ಬಿಡಲ್ಲ. ಯಾವತ್ತು ಮಕ್ಕಳು ಹಸ್ಕೊಂಡು ಮಲಗ್ತಾರೋ, ಅದರ ಮಾರನೇ ದಿನ ನೀನು ಆ ಬಸ್ಸು ಹತ್ತಬೇಕು. ಹತ್ತಲ್ಲ ಅಂದ್ರೆ ಮಕ್ಕಳನ್ನ ಕರ್ಕೊಂಡು ನಾನು ಹೋಗ್ತೀನಿ."

ಹೆಡ್ಲಿ ಬೆಂಕಿ ಕೆದಕಿದ. "ಸರಿ" ಎಂದ. ಆ ಮನುಷ್ಯ ಒಮ್ಮೆ ಸರಿ ಎಂದರೆ ಮುಗಿಯಿತು. ಅಂದಿನಿಂದ ಅವನಿಗೂ ಆ ಬಸ್ಸಿಗೂ ನಡುವೆ ನಿಂತದ್ದು ಬೆಸ್ ಒಬ್ಬಳೇ.

ಜನವರಿಯಲ್ಲಿ ಬೇಟೆಯ ದೀಪ ಕೈಕೊಟ್ಟಿತು. ಅದು ಮ್ಯಾಟಿಯ ಹಳೇ ಕೈದೀಪ, ಜೊತೆಗೊಂದು ಮೋಟಾರ್‌ಬೈಕಿನ ಬ್ಯಾಟರಿ. ಬೇಲಿ ನುಸುಳಲು ಬಗ್ಗಿದಾಗಲೆಲ್ಲ ಆಸಿಡ್ ಚೆಲ್ಲಿ ಹೆಡ್ಲಿಯ ಸೊಂಟದ ಮೇಲೆ ಅಂಗೈಯಗಲ ಸುಟ್ಟಿತ್ತು. ಕೊನೆಕೊನೆಗೆ ಬೆಳಕು ಹಳದಿಗಟ್ಟಿ ಮೊಲಗಳು ಅದಕ್ಕೆ ಕ್ಯಾರೇ ಅನ್ನುತ್ತಿರಲಿಲ್ಲ. ಹೆಡ್ಲಿ ತನ್ನ ಪಾರಿವಾಳದ ಪಂದ್ಯದ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಅದನ್ನು ಕೊಟ್ಟು ಬೇರೆ ದೀಪ ತರಲು, ಗುಜರಿ ಅಂಗಡಿಯ ಪರ್ಸಿಯ ಹತ್ತಿರ ಹೊರಟ. ಮ್ಯಾಟಿಯೂ ಜೊತೆಗೆ ಹೊರಟ. ಅಡುಗೆಮನೆಗೆ ಒಂದು ಹಳೇ ಹಂಡೆ ಬೇಕಿತ್ತೆಂದು ನಾನೂ ಹೋದೆ.

ಪರ್ಸಿ ಮೊದಲು ಬೋಗುಣಿಯಷ್ಟು ದೊಡ್ಡ ದೀಪವೊಂದನ್ನು ಎತ್ತಿ ತಂದ. "ವಿಮಾನದ್ದು. ಹಚ್ಚಿದ್ರೆ ಸಮುದ್ರದಾಚೆ ನಾರ್ವೆ ಕಾಣುತ್ತೆ."

"ನಂಗೆ ಮೊಲ ಕಂಡ್ರೆ ಸಾಕು," ಎಂದ ಹೆಡ್ಲಿ. "ಇಷ್ಟು ಬೆಳಕಿಗೆ ಮೊಲ ಕೂರಲ್ಲ, ಹೊಲದಾಚೆಯಿಂದ್ಲೇ ಓಟ ಕೀಳುತ್ತೆ. ಬ್ಯಾಟರೀನೂ ಅರ್ಧ ಗಂಟೇಲಿ ಕುಡಿದು ಹಾಕುತ್ತೆ."

ಬ್ಯಾಟರಿಯ ವಿಷಯ ಬೇಗ ಬಗೆಹರಿಯಿತು. ಆಸ್ಪತ್ರೆಯ ಮೋಟಾರು ಗಾಲಿಕುರ್ಚಿಯೊಂದರಿಂದ ಬಿಚ್ಚಿದ, ಪೂರ್ತಿ ಮುಚ್ಚಿದ ಬ್ಯಾಟರಿ ಪರ್ಸಿಯ ಬಳಿ ಇತ್ತು. ತಲೆಕೆಳಗು ಮಾಡಿದರೂ ತೊಟ್ಟು ಚೆಲ್ಲುವುದಿಲ್ಲ, ಭಾರವೂ ಕಮ್ಮಿ, ಬೆಳಕು ಕೊನೆಯವರೆಗೆ ಒಂದೇ ಸಮ. ಹೆಡ್ಲಿ ಅದನ್ನು ಮಗುವಿನ ಹಾಗೆ ಎತ್ತಿ ನೋಡಿ ಪಕ್ಕಕ್ಕಿಟ್ಟುಕೊಂಡ.

ದೀಪದ್ದೇ ತಕರಾರು. ಪಿಸ್ತೂಲಿನ ಹಾಗೆ ಹಿಡಿಯಿದ್ದ ಒಳ್ಳೆಯ ಕೈದೀಪವೊಂದನ್ನು ಪರ್ಸಿ ಮುಂದಿಟ್ಟ. ಹೆಡ್ಲಿ ಎಡಗೈಗೆ ನಾಯಿಯ ಹಗ್ಗ ಸುತ್ತಿಕೊಂಡವನಂತೆ ಮಾಡಿ, ಬಲಗೈಯ ಮೂರು ಬೆರಳಲ್ಲಿ ದೀಪ ಹಿಡಿದು ಗೋಡೆಗೆ ಬಿಟ್ಟ. ಬೆಳಕು ಗಡಗಡ ನಡುಗಿತು. ಇನ್ನೊಮ್ಮೆ ಹಿಡಿದ, ಇನ್ನೂ ನಡುಗಿತು. ನಾನು ಬೇರೆ ಕಡೆ ನೋಡಿದೆ.

"ದೀಪ ನಾನು ಹಿಡಿತೀನಿ ಬಿಡೋ," ಎಂದ ಮ್ಯಾಟಿ.

"ನೀನಾ? ನಿನ್ನ ಕೈಲಿ ಕೊಟ್ರೆ ಬೆಳಕು ಮನೆಮನೆಗೆ ಹೋಗಿ ಹರಟೆ ಹೊಡೆದು ಬರುತ್ತೆ. ನೀನು ಚೀಲ ಹೊತ್ಕೋ ಸಾಕು." ಹಾಗೆಂದು ಹೆಡ್ಲಿ ಕೋಟಿನೊಳಗಿಂದ ತನ್ನ ಹಳೇ ಗಣಿಟೋಪಿ ತೆಗೆದ. "ಪರ್ಸಿ, ಆ ದೀಪದ ಹಿಡಿ ಕತ್ತರಿಸಿ ಇದರ ಹಣೆ ಮೇಲೆ ಕೂರಿಸ್ಕೊಡು. ವೈರು ಬೆನ್ನ ಮೇಲೆ ಇಳೀಲಿ, ಬ್ಯಾಟರಿ ಬೆಲ್ಟಿಗೆ."

ಪರ್ಸಿ ತಲೆ ಕೆರೆದುಕೊಂಡ. "ಬೇಡ ಮಾರಾಯ. ಮೊಲಕ್ಕೆ ಕೈದೀಪಾನೇ ಸರಿ. ಕೈ ಇಟ್ಟಲ್ಲಿ ಇರುತ್ತೆ. ತಲೆ ಇರಲ್ಲ."

"ಮೂವತ್ತು ವರ್ಷ ದೀಪ ತಲೆ ಮೇಲೇ ಹೊತ್ತಿದೀನಿ. ನನ್ನ ತಲೆ ಎಲ್ಲಿರುತ್ತೆ ಅಂತ ನಂಗೆ ಗೊತ್ತಿಲ್ವಾ?"

ಪರ್ಸಿ ಗರಗಸ ಕೈಗೆತ್ತಿಕೊಂಡ. ನನಗೂ ಹೆಡ್ಲಿಯ ಮಾತೇ ಸರಿ ಎನಿಸಿತು. ನಮ್ಮೂರಿನ ಯಾವ ಗಂಡಸಾದರೂ ಅದನ್ನೇ ಮಾಡುತ್ತಿದ್ದ. ಗಡಿಯಾರ ಪರ್ಸಿಯ ಕಪಾಟು ಸೇರಿತು.

ಆಮೇಲಿನ ಮೂರು ವಾರ ಆ ಮನೆಯಲ್ಲಿ ಸುಖವಿತ್ತು ಎಂದೇ ಹೇಳುತ್ತೇನೆ. ಎರಡೂ ಕೈ ಖಾಲಿ, ನೋಡಿದ ಕಡೆ ಬೆಳಕು. ಬೆಸ್ ಆ ಬೆಳಕಿನ ದಾರಿಯಲ್ಲೇ ಬಾಣದಂತೆ ಹೋಗಿ ಮೊಲವನ್ನು ಜೀವಂತ ತಂದು ಕೈಗೆ ಕೊಡುತ್ತಿದ್ದಳು. ನಮ್ಮನೆಗೂ ಒಂದು ಬಂತು, ಮ್ಯಾಟಿಯ ಮನೆಗೂ ಬಂತು, ಎದುರು ಸಾಲಿನ ಬಾಣಂತಿಗೂ ಹೋಯಿತು. ಅಕ್ಕ ಎಷ್ಟೋ ತಿಂಗಳ ಮೇಲೆ ಕೂದಲಿಗೆ ಸುರುಳಿ ಹಾಕಿಕೊಂಡಳು. "ಗೆಲ್ತೀವಿ ಕಣೇ," ಎಂದ ಹೆಡ್ಲಿ ನನಗೆ ಒಂದು ದಿನ, ತಾನಾಗಿಯೇ ಬಾಯಿ ಬಿಟ್ಟು.

ಆ ರಾತ್ರಿಯದ್ದನ್ನು ನನಗೆ ಹೇಳಿದವನು ಮ್ಯಾಟಿ. ಫೆಬ್ರವರಿ, ಚಂದ್ರನಿಲ್ಲ, ಜೋರು ಗಾಳಿ, ಬೇಟೆಗೆ ಹೇಳಿ ಮಾಡಿಸಿದ ಕತ್ತಲು. ರೈಲು ದಿಬ್ಬದ ಕೆಳಗಿನ ಹೊಲದಲ್ಲಿ ಮೊಲವೊಂದು ಕಂಡಿತು. ಹೆಡ್ಲಿ ಹಗ್ಗ ಬಿಟ್ಟ. ಮೊಲ ಬೇಲಿಯ ಕಡೆಗೆ ಓಡಿತು, ಬೆಸ್ ಹಿಂದೆ. ಅಂಥ ಓಟದಲ್ಲಿ ನಾಯಿಗೆ ಕಾಣುವುದು ಬೆಳಕು ತೋರಿಸಿದ್ದಷ್ಟೇ. ಬೆಳಕು ತಪ್ಪಿದರೆ ಅದು ಕುರುಡಾದಂತೆ, ನಿಲ್ಲಲು ಹೊತ್ತೂ ಇರುವುದಿಲ್ಲ. ಆದ್ದರಿಂದ ನಾಯಿ ತಿರುಗಿ ಬರುವವರೆಗೆ ಅದರ ಮೇಲಿಂದ ದೀಪ ತೆಗೆಯಕೂಡದು. ಇದು ಹೆಡ್ಲಿಗೆ ಗೊತ್ತಿಲ್ಲದ್ದೇನಲ್ಲ.

ಹಿಂದೆ ಚೀಲ ಹೊತ್ತು ಬರುತ್ತಿದ್ದ ಮ್ಯಾಟಿಯ ಕಾಲಡಿ ನೆಲ ಇಲ್ಲವಾಯಿತು. ಹೊಲದ ನೀರು ಹೋಗಲು ತೋಡಿದ ಕಾಲುವೆ, ಮೊಣಕಾಲುದ್ದ. ಆದರೆ ಕತ್ತಲಲ್ಲಿ ಬೀಳುವವನಿಗೆ ಆಳ ಗೊತ್ತಾಗುವುದಿಲ್ಲ. "ಹೆಡ್ಲೀ!" ಎಂದು ಕೂಗಿಬಿಟ್ಟ.

ಹೆಡ್ಲಿ ತಿರುಗಿದ. ತಲೆಯ ಜೊತೆಗೆ ಬೆಳಕೂ ತಿರುಗಿತು. ಕೆಸರಲ್ಲಿ ಕೂತ ಮ್ಯಾಟಿಯ ಮುಖದ ಮೇಲೆ ಅದು ಬಿದ್ದ ಹೊತ್ತಿಗೇ ಅತ್ತ ಬೇಲಿಯ ತಂತಿ ಉದ್ದಕ್ಕೂ ಝಲ್ಲೆಂದ ಸದ್ದು ಕೇಳಿತು. ಕೂಗು, ಕುಯ್ಯೆನ್ನುವುದು, ಏನೂ ಇಲ್ಲ. ಓಟದ ಭರದಲ್ಲಿ ತಂತಿಗೆ ಬಡಿದು ಬೆಸ್‌ನ ಕುತ್ತಿಗೆ ಮುರಿದಿತ್ತು.

ಹೆಡ್ಲಿ ಅವಳನ್ನು ತೋಳಲ್ಲಿ ಎತ್ತಿಕೊಂಡು ಬಂದ. ಲೀಕ್ ಸಾಲಿನ ತುದಿಯಲ್ಲಿ ಹೂಳಿದ. ಮಕ್ಕಳು ಅತ್ತದ್ದು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. ಮ್ಯಾಟಿ ಮಾರನೆಯ ದಿನ ಬಂದು ಬಾಗಿಲಲ್ಲೇ ನಿಂತ.

"ನನ್ನಿಂದ ಆಗಿದ್ದು. ಬೈಯೋ, ಹೊಡಿಯೋ, ಏನಾದ್ರೂ ಮಾಡೋ."

"ಒಳಗೆ ಬಾ. ಚಳಿ ಹೊಡಿತಿದೆ," ಎಂದ ಹೆಡ್ಲಿ.

ಆಮೇಲೆ ಇಬ್ಬರೂ ಸೇರಿ ಹುಚ್ಚರ ಹಾಗೆ ಅಲೆದರು. ಉರುಳು ಹಾಕಿದರು, ಏನೂ ಬೀಳಲಿಲ್ಲ. ಯಾರದೋ ಮುದಿನಾಯಿ ಕೇಳಿ ತಂದರು; ಅದು ದೀಪ ಕಂಡರೆ ಹೆಡ್ಲಿಯ ಕಾಲ ಸಂದಿಗೆ ನುಗ್ಗಿ ಕೂರುತ್ತಿತ್ತು. ಹೊಸ ಮರಿ ಪಳಗಿಸಲು ಎರಡು ವರ್ಷ ಬೇಕು. ಪಾರಿವಾಳಗಳನ್ನು ಒಂದೊಂದಾಗಿ ಕುತ್ತಿಗೆ ತಿರುಚಿ ಪಾತ್ರೆಗೆ ಹಾಕಿದ. ಮ್ಯಾಟಿ ತನ್ನ ಮನೆಯ ಬ್ರೆಡ್ಡಿನಲ್ಲಿ ಅರ್ಧ ಮುರಿದು ತಂದ. ನಾನು ಸಭಾಂಗಣದ ಹಂಡೆಯ ತಳ ಕೆರೆದು ಡಬ್ಬಿಗೆ ತುಂಬಿ ಏಪ್ರನ್ನಿನಡಿ ಮುಚ್ಚಿಕೊಂಡು ತಂದೆ. ಒಂದು ಭಾನುವಾರ ನನಗೂ ಏನೂ ಸಿಗಲಿಲ್ಲ. ಆ ರಾತ್ರಿ ಚಿಕ್ಕವಳು ಹಸಿವೆಂದು ಅಳುತ್ತಲೇ ನಿದ್ದೆಹೋದಳು. ಅಕ್ಕ ಗಂಡನ ಗಣಿಬೂಟನ್ನು ತಂದು ಬೆಂಕಿಯ ಮುಂದಿಟ್ಟಳು.

ಬೆಳಿಗ್ಗೆ ನಾನು ಗೇಟಿನ ಬಳಿ ಹೋದೆ. ಹೋಗದಿದ್ದರೆ ಚೆನ್ನಾಗಿತ್ತು. ತಂತಿಬಲೆಯ ಹಿಂದೆ ಹೆಡ್ಲಿ ಕೂತಿದ್ದ. ಬೇರೆಯವರೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು, ಇವನು ಕಟ್ಟಿರಲಿಲ್ಲ. ಜನಕ್ಕೆ ಅವನ ಗುರುತು ಸಿಕ್ಕಿದ್ದೇ ತಡ, ಕೂಗು ಶುರುವಾಯಿತು. ನನ್ನ ಪಕ್ಕದಲ್ಲಿ ಮ್ಯಾಟಿ. ಎಲ್ಲರಿಗಿಂತ ಜೋರಾಗಿ ಕೂಗಿದವನು ಅವನು. "ದ್ರೋಹಿ" ಎಂದು ಕೂಗುತ್ತ ಕೂಗುತ್ತ ಅವನ ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು.

"ನೀನೂನಾ ಮ್ಯಾಟಿ?" ಎಂದು ಅವನ ತೋಳು ಹಿಡಿದು ಅಲ್ಲಾಡಿಸಿದೆ.

"ಇನ್ನೇನ್ ಮಾಡ್ಲಿ? ನಾನೊಬ್ಬ ಸುಮ್ನಿದ್ರೆ ಅವನಿಗೆ ಗೊತ್ತಾಗಿಬಿಡುತ್ತೆ ಮಾವಿಸ್, ನಾನು ಅವನನ್ನ ನೋಡಿ ಅಯ್ಯೋ ಪಾಪ ಅಂತಿದೀನಿ ಅಂತ. ಅದನ್ನ ಅವನು ತಡ್ಕೊಳ್ಳಲ್ಲ."

ಅದಾಗಿ ಹದಿನೈದು ದಿನ ಕಳೆಯುವುದರೊಳಗೆ ಮುಷ್ಕರವೇ ಮುಗಿಯಿತು. ಸೋತರೂ ನಮ್ಮವರು ಬ್ಯಾಂಡು ಬಾರಿಸಿಕೊಂಡು, ಬಾವುಟ ಹಿಡಿದು, ಸಾಲಾಗಿ ನಡೆದೇ ಗೇಟು ದಾಟಿದರು. ಇನ್ನು ಹದಿನೈದು ದಿನ ಆ ಪಾತ್ರೆಗೆ ಏನಾದರೂ ಬಿದ್ದಿದ್ದರೆ ಹೆಡ್ಲಿಯೂ ಆ ಸಾಲಿನಲ್ಲಿ ಇರುತ್ತಿದ್ದ. ಇದನ್ನು ನೆನೆದಾಗಲೆಲ್ಲ ಯಾರನ್ನು ಬೈಯಬೇಕೆಂದು ತಿಳಿಯದೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಒಮ್ಮೆ ಊರಿನ ಬಾಯಿಗೆ ಬಿದ್ದ ಹೆಸರು ಹಾಗೇ ಉಳಿಯಿತು. ಮ್ಯಾಟಿಯೂ ಅವನೂ ಅದೇ ಗಣಿಯಲ್ಲಿ, ಅದೇ ಪಾಳಿಯಲ್ಲಿ ದುಡಿದರು. ಎದುರಾದರೆ ಮ್ಯಾಟಿ ನೆಲ ನೋಡಿಕೊಂಡು ಹೋಗುತ್ತಿದ್ದ.

ಗಣಿ ಮುಚ್ಚಿದ ವರ್ಷ ಹೆಡ್ಲಿಯ ಶ್ವಾಸಕೋಶವೂ ಕೆಟ್ಟಿತು. ಒಂದು ಮಧ್ಯಾಹ್ನ ಅವನಿಗೆ ಸಾರು ಕೊಡಲು ಹೋದಾಗ, ಎಷ್ಟೋ ವರ್ಷದಿಂದ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಅಲ್ಲ ಹೆಡ್ಲಿ, ಮೊಣಕಾಲುದ್ದ ನೀರಿಗೆ ಬಿದ್ದು ಕಿರುಚಿದ ಅಂತ ತಿರುಗಿದ್ಯಲ್ಲ. ಒಂದು ಗಳಿಗೆ ತಡೆದಿದ್ರೆ ಆಗ್ತಿರ್ಲಿಲ್ವಾ? ಹಾಳಾದವನು ಆಮೇಲೆ ನಿನ್ನ ಮುಖ ಆದ್ರೂ ನೋಡಿದ್ನಾ?"

ಅವನು ಚಮಚ ಕೆಳಗಿಟ್ಟು ನನ್ನನ್ನು ನೋಡಿದ, ನಾನೇನೋ ಅರ್ಥವಿಲ್ಲದ್ದು ಕೇಳಿದೆನೆಂಬಂತೆ.

"ಕೂಗಿದ್ದು ಮ್ಯಾಟಿ ಅಲ್ವೇನೇ," ಎಂದ.