ಟೇಪಣ್ಣನ ಹೆಸರಿನವರು

ನಮ್ಮ ಬೀದಿಯ ದರ್ಜಿಯನ್ನು ಎಲ್ಲರೂ ಟೇಪಣ್ಣ ಎಂದೇ ಕರೆಯುತ್ತಿದ್ದರು. ಅಳತೆಯ ಟೇಪು ಕೊರಳಲ್ಲಿಲ್ಲದೆ ಆತನನ್ನು ಕಂಡವರಿಲ್ಲ. ಊಟಕ್ಕೆ ಕೂತಾಗಲೂ ಅದು ಎದೆಯ ಮೇಲೆ ಜೋತಾಡುತ್ತಿತ್ತು. ತುದಿ ತಟ್ಟೆಗೆ ಬೀಳುವ ಮೊದಲು ಮಗಳು ಎತ್ತಿ ಬೆನ್ನಿಗೆ ಎಸೆಯುತ್ತಿದ್ದಳು. ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆ ಹೆಸರನ್ನು ಬೀದಿಯಲ್ಲಿ ನಿಂತು ಕೂಗಿದರೆ ಹಾಲಿನವನು ಸೈಕಲ್ ನಿಲ್ಲಿಸುತ್ತಿದ್ದ, ಔಷಧದ ಅಂಗಡಿಯವನು ಕನ್ನಡಕದ ಮೇಲಿಂದ ನೋಡುತ್ತಿದ್ದ, ಎದುರು ಮಹಡಿಯ ಗುಮಾಸ್ತರು ಕಿಟಕಿ ತೆರೆದು "ಯಾರದು?" ಎನ್ನುತ್ತಿದ್ದರು. ಅಷ್ಟು ಸಾಧಾರಣವಾದ ಹೆಸರು. ಹೀಗಾಗಿ ಅವರಿಗೆಲ್ಲ ಜನರೇ ಒಂದೊಂದು ಅಡ್ಡಹೆಸರು ಹಚ್ಚಿದ್ದರು. ನಿಜವಾದ ಹೆಸರು ದರ್ಜಿಯ ಅಂಗಡಿಯ ಹಲಗೆಯ ಮೇಲೆ ಮಾತ್ರ ಉಳಿದಿತ್ತು, ದೊಡ್ಡ ನೀಲಿ ಅಕ್ಷರಗಳಲ್ಲಿ.

ಅಂಗಡಿ ಬಹಳ ಇಕ್ಕಟ್ಟು. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮಿಕ್ಕ ಜಾಗದಲ್ಲಿ ಒಬ್ಬ ಗಿರಾಕಿ ಕೈ ಚಾಚಿ ನಿಲ್ಲಬಹುದು. ಇಬ್ಬರಾದರೆ ಒಬ್ಬನ ತೋಳಿನ ಅಳತೆ ತೆಗೆಯುವಾಗ ಇನ್ನೊಬ್ಬನ ಮೂಗು ಅಡ್ಡ ಬರುತ್ತಿತ್ತು. ಎರಡನೆಯ ಯಂತ್ರದ ಪಕ್ಕದಲ್ಲಿ ಮಗಳು ಕೂತು ಕಾಜ ಹಾಕುತ್ತಿದ್ದಳು, ಗುಂಡಿ ಹೊಲಿಯುತ್ತಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಟೇಪಣ್ಣನಿಗೆ ಉಳಿದವಳು ಇವಳೊಬ್ಬಳೇ. ಮದುವೆಯಾಗಿ ಎರಡು ಬೀದಿ ಆಚೆಗೆ ಹೋಗಿದ್ದರೂ ಕೆಲಸಕ್ಕೆ ಇಲ್ಲಿಗೇ ಬರುತ್ತಿದ್ದಳು.

ನಾನು ಹತ್ತಿರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಕೋಟಿನ ಮೊಣಕೈಗೆ ತೇಪೆ ಹಾಕಿಸಲು ಹೋದವನನ್ನು ಆತ ಕೇಳಿದ ಮೊದಲ ಪ್ರಶ್ನೆ, "ಮೇಷ್ಟ್ರೇ, ನಿಮ್ಮ ಚರಿತ್ರೆಯಲ್ಲಿ ನಮ್ಮ ಹೆಸರಿನವರು ಯಾರಾದ್ರೂ ಇದ್ದಾರಾ?"

ಯಾಕಿಲ್ಲ? ಧಾರಾಳವಾಗಿದ್ದರು. ಆ ಹೆಸರಿನ ಒಬ್ಬ ಅರಸ ಕೆರೆ ಕಟ್ಟಿಸಿದ್ದ. ಅದೇ ಹೆಸರಿನ ಇನ್ನೊಬ್ಬ ಅಣ್ಣನನ್ನು ಸೆರೆಗೆ ನೂಕಿ ಪಟ್ಟವೇರಿದ್ದ. ದಾರಿಹೋಕರನ್ನು ದೋಚಿ ಕೊನೆಗೆ ಸನ್ಯಾಸಿಯಾದವನೊಬ್ಬನಿದ್ದ, ಸನ್ಯಾಸಿಯ ವೇಷದಲ್ಲಿ ದೋಚಿದವನೂ ಒಬ್ಬನಿದ್ದ. ಸಿಕ್ಕಿದವರ ಕಥೆಯನ್ನೆಲ್ಲ ನಾನು ಹೇಳುತ್ತ ಹೋದೆ. ಟೇಪಣ್ಣ ತಾನೂ ಹುಡುಕತೊಡಗಿದ. ಬಿರುಗಾಳಿಗೆ ಸಿಕ್ಕ ಹಡಗೊಂದರ ಹೆಸರು, ಬಿಸ್ಕತ್ತಿನ ಪೊಟ್ಟಣದ ಹೆಸರು, ಸಿನಿಮಾದಲ್ಲಿ ನಾಯಕನ ಜೀವದ ಗೆಳೆಯನ ಹೆಸರು. "ಆ ಗೆಳೆಯ ಮಧ್ಯಂತರದ ಒಳಗೆ ಸಾಯಲೇಬೇಕು ನೋಡಿ ಮೇಷ್ಟ್ರೇ, ಯಾವ ಸಿನಿಮಾ ಆದ್ರೂ ಸರಿ." ಲೆಕ್ಕದ ಪುಸ್ತಕದಲ್ಲಿ ಬುಟ್ಟಿಗಟ್ಟಲೆ ಹಣ್ಣು ಕೊಂಡು ಗೆಳೆಯರಿಗೆ ಹಂಚುತ್ತಿದ್ದವನೂ ಅದೇ ಹೆಸರಿನವನು. ವ್ಯಾಕರಣದ ಪುಸ್ತಕದಲ್ಲಂತೂ ಕರ್ತರಿ ಪ್ರಯೋಗದಲ್ಲಿ ಮರವನ್ನು ಕಡಿದವನು ಅವನೇ, ಕರ್ಮಣಿ ಪ್ರಯೋಗದಲ್ಲಿ ಮರ ಕಡಿಯಲ್ಪಟ್ಟದ್ದೂ ಅವನಿಂದಲೇ. ಇದನ್ನು ಹೇಳಿದಾಗ ಟೇಪಣ್ಣ ಯಂತ್ರ ತುಳಿಯುವುದನ್ನು ಬಿಟ್ಟು ನಕ್ಕ. "ಹೆಂಗೆ ತಿರುಗಿಸಿ ಹೇಳಿದ್ರೂ ಕೆಲಸ ಮಾತ್ರ ನಮಗೇ!"

ತನ್ನ ಹೆಸರಿನ ಗಿರಾಕಿ ಬಂದರೆ ಆತನಿಗೊಂದು ರೂಢಿಯಿತ್ತು. ಅಂಗಿಯ ಒಳಮಗ್ಗುಲಲ್ಲಿ, ಕೆಳಗಿನ ಅಂಚಿಗೆ, ಒಂದು ಗುಂಡಿ ಹೆಚ್ಚಿಗೆ ಹೊಲಿದು ಕೊಡುತ್ತಿದ್ದ. "ಇದು ಹೆಸರಿನ ಗುಂಡಿ. ಮೇಲಿಂದು ಬಿದ್ದುಹೋದ್ರೆ ಇದನ್ನ ಹಾಕ್ಕೊಳ್ಳಿ." ಹಾಲಿನವನ ಅಂಗಿಗೂ ಗುಮಾಸ್ತರ ಕೋಟಿಗೂ ಅದಿತ್ತು.

ಆ ಹೆಸರು ಆತನಿಗೆ ಬಂದದ್ದು ತಾಯಿಯ ತಂದೆಯಿಂದ. ಮನೆಯ ಮೊದಲ ಮೊಮ್ಮಗನಿಗೆ ತಾತನ ಹೆಸರು ಎಂದು ಆ ಮನೆಯವರು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದರು. ಮಗಳು ಬಸುರಿಯೆಂದು ತಿಳಿದ ದಿನ ಟೇಪಣ್ಣ ಬೇರೇನೂ ಹೇಳಲಿಲ್ಲ, "ಗಂಡಾದ್ರೆ ಹೆಸರು ಹುಡುಕೋ ಕಷ್ಟ ಇಲ್ಲ ಬಿಡು" ಎಂದ. ಅವಳೂ "ಹೂಂ ಅಪ್ಪ" ಎಂದಿದ್ದಳು. ಗಂಡೇ ಹುಟ್ಟಿತು.

ಹುಟ್ಟಿದ ವಾರದಲ್ಲೇ ಸೇತುವೆ ಬಿತ್ತು.

ಊರಾಚೆ ಹೊಳೆಗೆ ಹೊಸದಾಗಿ ಕಟ್ಟಿದ್ದ ಸೇತುವೆ ಅದು. ಬೆಳಿಗ್ಗೆ ಕೆಲಸಕ್ಕೆ ಹೊರಟವರಿಂದ ತುಂಬಿದ್ದಾಗ ನಡುವೆ ಕುಸಿಯಿತು. ಬಹಳ ಜನ ಸತ್ತರು. ಸಿಮೆಂಟಿನಲ್ಲಿ ಮೋಸ ಮಾಡಿದ್ದ ಗುತ್ತಿಗೆದಾರ ಸಿಕ್ಕಿಬಿದ್ದ. ಅವನ ಹೆಸರೂ ಅದೇ. ಟೀವಿಯಲ್ಲಿ ಬೆಳಗಾದರೆ ಆ ಹೆಸರು, ಸಂಜೆಯಾದರೆ ಆ ಹೆಸರು. ಶಾಲೆಯಲ್ಲಿ ಬೆಂಚಿನ ಕಾಲು ಮುರಿದರೆ ಹುಡುಗರು ಆ ಹೆಸರು ಹಿಡಿದು ಕೂಗುತ್ತಿದ್ದರು. ಟೀ ಅಂಗಡಿಯವನು ಟೇಪಣ್ಣನನ್ನು ಕಂಡು, "ಏನಣ್ಣ, ನೀವು ಹೊಲಿದ ಪ್ಯಾಂಟು ನಡು ದಾರೀಲಿ ಕುಸಿಯಲ್ಲ ತಾನೇ?" ಎಂದ. ಕೂತವರೆಲ್ಲ ನಕ್ಕರು. ಟೇಪಣ್ಣನೂ ನಕ್ಕ, ಆದರೆ ಮರುದಿನದಿಂದ ಟೀಯನ್ನು ತನ್ನ ಅಂಗಡಿಗೇ ತರಿಸಿಕೊಳ್ಳತೊಡಗಿದ. ಎದುರು ಮಹಡಿಯ ಗುಮಾಸ್ತರು ಕೋಟು ತಂದು ಮೇಜಿನ ಮೇಲಿಟ್ಟು, ಯಾರೂ ಇಲ್ಲವೆಂದು ನೋಡಿಕೊಂಡು, "ಆ ಒಳಗಿನ ಗುಂಡಿ ತೆಗೆದುಬಿಡಿ. ಚುಚ್ಚುತ್ತೆ" ಎಂದರು. ವರ್ಷಗಟ್ಟಲೆ ಚುಚ್ಚದ ಗುಂಡಿ. ಟೇಪಣ್ಣ ದಾರ ಬಿಚ್ಚಿ ಕೊಟ್ಟ.

ಬಾಣಂತನ ಮುಗಿಸಿ ಮಗಳು ಮಗುವಿನೊಂದಿಗೆ ಮತ್ತೆ ಅಂಗಡಿಗೆ ಬರತೊಡಗಿದ ಮೇಲೆ, ಒಂದು ದಿನ ನಾನೂ ಅಲ್ಲಿದ್ದಾಗ ಬೀಗಿತ್ತಿ ಬಂದರು, ಮಗಳ ಅತ್ತೆ. ಖಂಡಿತವಾದಿ ಹೆಂಗಸು. ಅವರ ಮಗ, ಎಂದರೆ ಟೇಪಣ್ಣನ ಅಳಿಯ, ಅಮ್ಮ ಹೇಳಿದ್ದಕ್ಕೂ ಹೆಂಡತಿ ಹೇಳಿದ್ದಕ್ಕೂ ಒಂದೇ ರೀತಿ ತಲೆಯಾಡಿಸುವ ಸಾಧು ಪ್ರಾಣಿ.

"ಬೀಗರೇ, ನಿಮ್ಮ ಮೇಲೆ ನನಗೇನೂ ಇಲ್ಲ. ಆದ್ರೆ ಆ ಹೆಸರು ಮಾತ್ರ ಬೇಡ. ಶಾಲೆಗೆ ಸೇರಿಸಿದ ದಿನವೇ ಮಗೂನ ಸೇತುವೆ ಅಂತ ಕರೀತಾರೆ."

"ಒಬ್ಬ ಕಟ್ಟಿಸಿದ್ದು ಬಿತ್ತು ಅಂತ ಹೆಸರೇ ಕೆಟ್ಟೋಯ್ತಾ? ಅದೇ ಹೆಸರಿನ ರಾಜ ಕಟ್ಟಿಸಿದ ಕೆರೆ ಇವತ್ತಿಗೂ ತುಂಬ್ತಿದೆ. ಬೇಕಾದ್ರೆ ಮೇಷ್ಟ್ರನ್ನ ಕೇಳಿ."

"ಕೆರೆ ದಿನಾ ಪೇಪರಲ್ಲಿ ಬರುತ್ತಾ?"

ಟೇಪಣ್ಣ ನನ್ನ ಮುಖ ನೋಡಿದ. ನಾನು ಹೊರಗೆ ಬೀದಿಯನ್ನು ನೋಡಿದೆ. ಮಗಳು ತಲೆಯೆತ್ತದೆ ಕಾಜ ಹಾಕುತ್ತಲೇ ಇದ್ದಳು. ಅವಳು ಒಮ್ಮೆ ಬೇಡವೆಂದರೆ ಆ ಹೆಸರು ಮನೆಯಲ್ಲಿ ಟೇಪಣ್ಣನೊಂದಿಗೇ ಮುಗಿಯುತ್ತಿತ್ತು. ಅವಳು ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ಮೇಜಿನ ಕೆಳಗೆ, ಬಟ್ಟೆಯ ತುಂಡುಗಳಿಂದ ಮೆತ್ತೆ ಮಾಡಿದ ಬುಟ್ಟಿಯಲ್ಲಿ, ಮಗು ಹೆಸರಿಲ್ಲದೆ ಮಲಗಿತ್ತು.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ನಾನು ಅಂಗಿಯ ಸವೆದ ಕಾಲರು ತಿರುಗಿಸಿ ಹಾಕಿಸಲು ಹೋಗಿ ಅಲ್ಲೇ ಕೂತಿದ್ದೆ. ನಡುವಯಸ್ಸಿನ ಹೆಂಗಸೊಬ್ಬರು ಚೀಲ ಹಿಡಿದು ಒಳಗೆ ಬಂದರು. ಈ ಬೀದಿಯವರಲ್ಲ. ಚೀಲದಿಂದ ಬೂದು ಬಣ್ಣದ ಕೋಟೊಂದನ್ನು ತೆಗೆದು ಮೇಜಿನ ಮೇಲೆ ಹಾಸಿದರು.

"ದೊಡ್ಡವನದು. ಚಿಕ್ಕವನಿಗೆ ಸರಿಮಾಡಿ ಕೊಡಿ. ತೋಳು ಉದ್ದ ಆಗುತ್ತೆ."

ಟೇಪಣ್ಣ ಒಳಗಿನ ಅಸ್ತರನ್ನು ಬೆರಳಲ್ಲಿ ಉಜ್ಜಿ ನೋಡಿದ. "ಒಳ್ಳೇ ಬಟ್ಟೆ. ಇನ್ನೂ ಹೊಸದಿದ್ದಂಗಿದೆ. ದೊಡ್ಡವನಿಗೆ ಬೇಡ್ವಂತಾ?"

"ಅವನು ಹೋದ. ಅವತ್ತು ಸೆಕೆ ಅಂತ ಇದನ್ನ ಮನೇಲೇ ಬಿಟ್ಟು ಹೋಗಿದ್ದ. ಸೇತುವೆ ದಾಟಿ ಕೆಲಸಕ್ಕೆ ಹೋಗ್ತಿದ್ದ."

ಮಗಳ ಸೂಜಿ ನಿಂತಿತು. ಟೇಪಣ್ಣ ತೋಳಿನ ಸುಕ್ಕು ಬಿಡಿಸಿ ಮೇಜಿನ ಮೇಲೆ ನೇರ ಮಾಡಿದ. ಆಮೇಲೆ, ಕೇಳಲೇಬೇಕಾದ್ದರಿಂದ, ಸೀಮೆಸುಣ್ಣ ಕೈಗೆತ್ತಿಕೊಂಡು, "ಯಾರ ಹೆಸರಿಗೆ ಬರ್ಕೊಳ್ಳಲಿ ಅಮ್ಮ?" ಎಂದ.

"ಹೊರಗೆ ಹಲಗೆ ಮೇಲೆ ಬರೆದಿದೆಯಲ್ಲ, ಅದೇ. ದೊಡ್ಡವನ ಹೆಸರು. ದಾರೀಲಿ ಬೇರೆ ದರ್ಜಿಗಳಿದ್ರು. ಅದನ್ನ ನೋಡಿ ಇಲ್ಲಿಗೆ ಬಂದೆ."

ಟೇಪಣ್ಣ ಸ್ಟೂಲು ಎಳೆದು ಅವರನ್ನು ಕೂರಿಸಿದ. ಅವರು ಅಳಲಿಲ್ಲ. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟುತ್ತ ಮಾತಾಡಿದರು. "ಟೀವಿಯಲ್ಲಿ ದಿನಾ ಅದೇ ಹೆಸರು ಹಿಡಿದು ಬಯ್ತಾರೆ. ಬಯ್ಯಲಿ, ಬಯ್ಯಬೇಕಾದ್ದೇ. ಮನೆಗೆ ಬಂದೋರು ಮಾತ್ರ ನನ್ನ ಮಗನ ಹೆಸರು ಹೇಳೋಕೆ ಹೆದರಿ ‘ನಿಮ್ಮ ಹುಡುಗ, ನಿಮ್ಮ ಹುಡುಗ’ ಅಂತಾರೆ. ಈಗ ನನ್ನ ಬಾಯಲ್ಲೂ ಬರ್ತಿಲ್ಲ. ಕೂಗಿದ್ರೆ ಯಾರನ್ನ ಕೂಗಿದಂಗಾಗುತ್ತೋ ಅಂತ."

ಚಿಕ್ಕವನ ಅಳತೆಯನ್ನು ಅವರು ಹಳೆಯ ಅಂಗಿಯೊಂದರಲ್ಲಿ ತಂದಿದ್ದರು. ಟೇಪಣ್ಣ ಅದನ್ನು ಹರಡಿ ಗುರುತು ಹಾಕಿಕೊಂಡ. ಹೊರಡಲು ಎದ್ದವರು ಬಾಗಿಲ ಬಳಿ ನಿಂತರು.

"ತಪ್ಪು ತಿಳ್ಕೋಬೇಡಿ. ನಿಮ್ಮನ್ನ ಒಂದು ಸಲ ಹೆಸರು ಹಿಡಿದು ಕರೀಲಾ? ಮನೇಲಿ ಅವನನ್ನ ಕರೀತಿದ್ದ ಹಾಗೆ. ನೀವು ಓ ಅಂದ್ರೆ ಸಾಕು."

ಟೇಪಣ್ಣನಿಗೆ ಆಗಲೇ ತಲೆ ಪೂರ್ತಿ ನರೆತಿತ್ತು. ಆತನನ್ನು ಏಕವಚನದಲ್ಲಿ ಕರೆಯುವವರು ಯಾರೂ ಉಳಿದಿರಲಿಲ್ಲ. "ಕರೀರಿ ಅಮ್ಮ" ಎಂದ.

ಆಕೆ ಹೊಸ್ತಿಲು ದಾಟಿ ಹೊರಗೆ ನಿಂತು, ಆಟಕ್ಕೆ ಹೋದ ಹುಡುಗನನ್ನು ಕರೆಯುವ ತಾಯಿಯ ಹಾಗೆ, ಹೆಸರನ್ನು ಉದ್ದಕ್ಕೆ ಎಳೆದು ಕೂಗಿದರು. "ಊಟ ಆರಿ ಹೋಗ್ತಿದೆ, ಬಾರೋ!"

"ಓ" ಎಂದ ಟೇಪಣ್ಣ. ಮತ್ತೊಮ್ಮೆ ಗಟ್ಟಿಯಾಗಿ, "ಬಂದೆ ಅಮ್ಮಾ" ಎಂದ.

ಆಕೆ ಮುಖ ಒರೆಸಿಕೊಂಡು ಒಳಗೆ ಬಗ್ಗಿ, "ತೋಳು ಬೆರಳಗಲ ಉದ್ದವೇ ಇರಲಿ. ಚಿಕ್ಕವನು ಬೆಳೀತಾನೆ" ಎಂದು ಹೇಳಿ ಹೊರಟುಹೋದರು.

ಮಗಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಬುಟ್ಟಿಯಿಂದ ಮಗುವನ್ನು ಎತ್ತಿಕೊಂಡಳು. "ಅಪ್ಪಾ, ಇವನಿಗೆ ನಿನ್ನ ಹೆಸರೇ ಇಡ್ತೀನಿ" ಎಂದಳು.

"ಬೇಡ" ಎಂದ ಟೇಪಣ್ಣ.

ನನಗೇ ಆಶ್ಚರ್ಯವಾಯಿತು. ಮಗಳಿಗೆ ಸಿಟ್ಟು ಬಂತು. "ಇಷ್ಟು ದಿನ ಮುಖ ಊದಿಸ್ಕೊಂಡು ಕೂತಿದ್ದು ಯಾಕೆ ಮತ್ತೆ? ಈಗ ಇಡ್ತೀನಿ ಅಂದ್ರೆ ಬೇಡ ಅಂತೀಯಲ್ಲ!"

"ಹೆಸರು ಅಂದ್ರೆ ಹೊಲಿದಿಟ್ಟ ಕೋಟು ಅಂದ್ಕೊಂಡಿದ್ದೆ ಕಣೇ. ತಾತಂದು ನನಗಾಯ್ತು, ನಂದು ಇವನಿಗಾಗುತ್ತೆ ಅಂತ. ಹಲಗೆ ಮೇಲೆ ಬರೆದಿಟ್ಟು ಏನು ಬಂತು? ಬಾಯಿ ತುಂಬ ಕರೆಯೋರು ಬೇಕು. ಅರ್ಧ ಬಾಯಲ್ಲಿ ಕರೆಯೋ ಹೆಸರನ್ನ ಮಗೂಗೆ ಇಡಬಾರದು. ನೀನು ಕರೀತೀಯ, ನಾನು ಕರೀತೀನಿ. ಮನೇಲಿ ಇವನನ್ನ ಎತ್ತಿ ಆಡಿಸೋರು ನಿಮ್ಮತ್ತೆ. ಅವರು ಕರೀತಾರಾ?"

"ಅತ್ತೇನ ನಾನು ನೋಡ್ಕೋತೀನಿ."

ಮನೆಗೆ ಹೋಗಿ ಅವಳು ಅತ್ತೆಗೆ ಕೋಟಿನ ಕಥೆಯನ್ನೆಲ್ಲ ಹೇಳಿದಳು. ಅವರು ಕೇಳಿ ಕಣ್ಣೊರೆಸಿಕೊಂಡರು. ಹಾಗೆಂದು ಮಾತು ಬಿಟ್ಟುಕೊಡಲಿಲ್ಲ. "ಇಟ್ಕೋ ಹೋಗಮ್ಮ. ಹೆತ್ತವಳು ನೀನು. ನಾನು ಮಾತ್ರ ಪುಟ್ಟ ಅಂತಲೇ ಕರೆಯೋದು" ಎಂದರು. ಅಳಿಯ ಇಬ್ಬರಿಗೂ ತಲೆಯಾಡಿಸಿದ. ಮಗುವಿಗೆ ಆ ಹೆಸರೇ ಆಯಿತು.

ಬೀಗಿತ್ತಿ ಹೇಳಿದಂತೆಯೇ ನಡೆದರು. ಪುಟ್ಟ, ಚಿನ್ನ, ಬಾರಪ್ಪ ರಾಜ, ಎಲ್ಲಿ ಹೋದ್ನಪ್ಪ ಇವನು, ಹೀಗೆ ನಾನಾ ವಿಧ. ಆ ಹೆಸರು ಮಾತ್ರ ಅವರ ನಾಲಿಗೆಯ ಮೇಲೆ ಬರಲಿಲ್ಲ. ಟೇಪಣ್ಣ ಒಮ್ಮೆ ನನ್ನೆದುರು ಹೇಳಿದ. "ಇಡಬಾರದಿತ್ತು ಮೇಷ್ಟ್ರೇ. ಮಗಳ ಮಾತಿಗೆ ನಾನು ಸುಮ್ಮನಾಗಬಾರದಿತ್ತು. ಅಜ್ಜಿ ಬಾಯಲ್ಲಿ ಬರದ ಹೆಸರು ಮಗೂಗೆ ಅಂಟುತ್ತಾ?" ಆತನಿಗೆ ನನ್ನ ಚರಿತ್ರೆಯ ಅರಸರು ಯಾರೂ ಆಗ ಸಮಾಧಾನ ಕೊಡುವಂತಿರಲಿಲ್ಲ. ಇನ್ನೂ ಹುಡುಕಿ ಕೊಡಿ ಎಂದು ಕೇಳುವುದನ್ನೂ ಆತ ಬಿಟ್ಟಿದ್ದ.

ಮಗು ಅಂಬೆಗಾಲಿಡುವ ಹೊತ್ತಿಗೆ ಅಂಗಡಿಯ ನೆಲವೆಲ್ಲ ಅವನದಾಯಿತು. ಅಂದು ನನ್ನ ಪ್ಯಾಂಟಿನ ಅಂಚು ಮಡಿಸುವ ಕೆಲಸವಿತ್ತು. ಟೇಪಣ್ಣ ಗುಂಡಿ ತರಲು ಹೋಗಿದ್ದ. ಮಗಳು ಯಂತ್ರದ ಮುಂದೆ ಕೂತಿದ್ದಳು. ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದ ಬೀಗಿತ್ತಿ ಮೇಜಿನ ಆ ತುದಿಯಲ್ಲಿ ನಿಂತು ಹೊಲಿದಾದ ಬಟ್ಟೆಗಳನ್ನು ಮಡಿಸುತ್ತಿದ್ದರು. ನಾನಿದ್ದದ್ದು ಬಟ್ಟೆ ಬದಲಿಸಲೆಂದು ಮೂಲೆಗೆ ಕಟ್ಟಿದ್ದ ಪರದೆಯ ಹಿಂದೆ, ಪ್ಯಾಂಟು ಬದಲಾಯಿಸಿಕೊಳ್ಳುತ್ತ, ಹೊರಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಪರದೆಯ ಸಂದಿಯಿಂದ ನೋಡುತ್ತೇನೆ, ಮಗು ಬಾಗಿಲ ಮೂಲೆಯ ಮಣೆಯ ಕಡೆಗೆ ಹೊರಟಿದೆ. ಮಣೆಯ ಮೇಲೆ ಕಾದ ಇಸ್ತ್ರಿ ಪೆಟ್ಟಿಗೆ. ಅದರ ವೈರು ನೆಲಕ್ಕೆ ಇಳಿಬಿದ್ದಿದೆ. ಮಗುವಿನ ಕಣ್ಣು ಆ ವೈರಿನ ಮೇಲೆ.

"ಪುಟ್ಟಾ!" ಎಂದರು ಬೀಗಿತ್ತಿ.

ಅಂಗಡಿಗೆ ಬಂದವರೆಲ್ಲ ಎಲ್ಲ ಮಕ್ಕಳನ್ನೂ ಪುಟ್ಟ ಎನ್ನುವವರೇ. ಮಗು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಇನ್ನೆರಡು ಸಲ ಮಂಡಿ ಊರಿ ಮುಂದೆ ಹೋಗಿ ವೈರಿಗೆ ಕೈ ಚಾಚಿತು.

ಆಗ ಬೀಗಿತ್ತಿ ಕೂಗಿದರು. ತಾಯಿ, ತಾತ ದಿನವೂ ಕರೆಯುತ್ತಿದ್ದ ಆ ಹೆಸರನ್ನೇ ಹಿಡಿದು, ಬಾಯಿ ಬಿಟ್ಟು, ಬೀದಿಯ ಕೊನೆಗೆ ಕೇಳುವಂತೆ.

ಮಗುವಿನ ಕೈ ನಿಂತಿತು. ಅಲ್ಲೇ ಕುಂಡಿಯೂರಿ ಕೂತು, ಅಜ್ಜಿಯ ಕಡೆ ತಿರುಗಿ, ಇದ್ದ ಎರಡು ಹಲ್ಲು ತೋರಿಸಿ ನಕ್ಕಿತು.

ಬೀಗಿತ್ತಿ ಮೇಜು ಸುತ್ತಿ ಓಡಿ ಬಂದು ಅದನ್ನು ಬಾಚಿ ಎತ್ತಿಕೊಂಡರು. ಬೆನ್ನಿಗೊಂದು ಮೆಲ್ಲನೆ ಗುದ್ದು, ಕೆನ್ನೆಗೊಂದು ಮುತ್ತು, ನಡುನಡುವೆ ಆ ಹೆಸರು. "ಜೀವ ಬಾಯಿಗೆ ಬಂದಿತ್ತಲ್ಲೋ! ಇನ್ನೊಂದ್ಸಲ ಆ ಕಡೆ ಹೋಗು, ನೋಡ್ತೀನಿ!" ಮತ್ತೆ ಹೆಸರು. ಮಗಳು ಯಂತ್ರದ ಚಕ್ರ ಹಿಡಿದವಳು ಹಾಗೇ ಕೂತಿದ್ದಳು.

ಗುಂಡಿಯ ಪೊಟ್ಟಣ ಹಿಡಿದು ಟೇಪಣ್ಣ ಬಾಗಿಲಲ್ಲಿ ನಿಂತಿದ್ದ. ಎಲ್ಲವನ್ನೂ ಕೇಳಿದ್ದಾನೆಂದು ಮುಖವೇ ಹೇಳುತ್ತಿತ್ತು.

"ಕರೆದ್ರಾ, ಬೀಗಿತ್ತಿಯವರೇ?" ಎಂದ.

"ನಿಮ್ಮನ್ನ ಯಾರು ಕರೆದ್ರು?" ಎಂದು ಅವರು ಗದರಿದರು. "ನಾನು ನನ್ನ ಮೊಮ್ಮಗನ್ನ ಕರೆದೆ."