ಹೊಗೆಸೊಪ್ಪು ವಿಂಗಡಿಸುವವಳಿಗೆ ಬುದ್ಧಿ ಇಲ್ಲವಂತೆ!

ಗೆಳೆಯರೇ, ಇವತ್ತು ಹುಣಸೂರಿನ ವಕೀಲರ ಕಚೇರಿಯಲ್ಲಿ ಚಪ್ಪಾಳೆ ಹೊಡೆಯದೆ ಕೂರಲು ನನಗೆ ಕಷ್ಟವಾಯಿತು!

ಹನಗೋಡು ಕಡೆಯ ಶಿವಣ್ಣನನ್ನು ಅವನ ತಂಗಿ, ನಲವತ್ತು ವರ್ಷದ ಗೌರಮ್ಮ, ಜಮೀನಿನಲ್ಲಿ ಪಾಲು ಕೇಳಿದ್ದಳು. "ಇವಳಿಗೆ ಬುದ್ಧಿ ನೆಟ್ಟಗಿಲ್ಲ, ನನ್ನನ್ನೇ ಪಾಲಕ ಮಾಡಿ" ಎಂದು ಅರ್ಜಿ ಬರೆಸಲು ಶಿವಣ್ಣ ಅವಳನ್ನೇ ಕರೆತಂದಿದ್ದ. ಅರ್ಜಿ ಗೆದ್ದರೆ ಅವಳ ಪಾಲಿನ ಕಾಗದಕ್ಕೆ ಸಹಿ ಹಾಕುವವನೂ ಅವನೇ. ಗೌರಮ್ಮ ಕರೆದಳೆಂದು ಪಕ್ಕದ ಮನೆಯ ನಾನೂ ಹೋಗಿದ್ದೆ.

ಅಷ್ಟರಲ್ಲಿ ಶಿವಣ್ಣನ ಹೆಂಡತಿ ವಿಡಿಯೊ ಕಾಲ್ ಮಾಡಿದಳು. "ಗೌರಮ್ಮ ಇಲ್ದೆ ಸೊಪ್ಪು ವಿಂಗಡಿಸಾಕೆ ಆಯ್ತಾ ಇಲ್ಲ ಕಣ್ರೀ. ಈ ಎಲೆ ಎಲ್ಲಿಗೆ ಹಾಕ್ಲಿ, ಕೇಳಿ!"

ಶಿವಣ್ಣ ಫೋನನ್ನು ತಂಗಿಯತ್ತ ಹಿಡಿದ. ಅವಳು ಒಂದೇ ನೋಟಕ್ಕೆ ಹೇಳಿದಳು: "ಅಂಚು ಸುಟ್ಟದೆ. ಒಳ್ಳೆ ಎಲೆ ಜೊತೆ ಸೇರಿಸ್ಬ್ಯಾಡಿ, ಬ್ಯಾರೆ ಕಟ್ಟಿ."

ವಕೀಲೆ ಪೆನ್ನು ಮುಚ್ಚಿದರು. "ಇವರಿಗೆ ಬುದ್ಧಿ ಇಲ್ಲ ಅಂತ ನಾನು ಬರೆಯಲ್ಲ."

"ಅದು ಎಲೆ ಬುದ್ಧಿ ಮೇಡಂ, ಇದು ಜಮೀನ್ ಬುದ್ಧಿ!" ಎಂದ ಶಿವಣ್ಣ.

ಗೌರಮ್ಮ ಎದ್ದು ನಿಂತಳು. "ನನ್ನ ಸಹಿ ನನ್ನತ್ರನೇ ಇರ್ಲಿ ಬುಡಣ್ಣ."

ಹೊರಗೆ ಬಂದ ಮೇಲೆ ಶಿವಣ್ಣ ಮೆತ್ತಗೆ ನನ್ನನ್ನು ಕೇಳಿದ: "ನಾಳೆ ಸೊಪ್ಪು ವಿಂಗಡಿಸಾಕೆ ಬತ್ತಾಳಾ?"

"ಅವಳನ್ನೇ ಕೇಳಿ. ಅದಕ್ಕೆ ಪಾಲಕರ ಒಪ್ಪಿಗೆ ಬೇಕಾಗಿಲ್ಲ" ಎಂದೆ.